ಮಂಡಿಪೇಟೆಯ ಅಣ್ಣನಿಗೆ

ಹೋದ ಶನಿವಾರ ದಾವಣಗೆರೆ ಮಂಡಿಪೇಟೆಯಲ್ಲಿ ನನ್ನ ಕ್ಯಾಸೆಟ್ ಸರಿಮಾಡಿಕೊಟ್ಟ ಅಣ್ಣಾ, ಅವಸರದಲ್ಲಿ ನಿಮ್ಮ ಹೆಸರೂ ಕೇಳಲಿಲ್ಲ. 1978ರ ‘ನಿತ್ಯೋತ್ಸವ’ ಎಲ್ಲರಿಗೂ ಗೊತ್ತು. ಅದರ ಬೆನ್ನಿಗೆ ಬಂದ ಎಷ್ಟೋ ಭಾವಗೀತೆ ಕ್ಯಾಸೆಟ್‌ಗಳು ಟ್ರಂಕಿನ ತಳ ಸೇರಿದವು. ನಮ್ಮಪ್ಪನದೂ ಅಂಥದ್ದೇ, ಲೇಬಲ್ ಅಳಿಸಿಹೋಗಿದೆ.

ರೀಲು ತುಂಡಾಗಿತ್ತು, ಅದನ್ನು ಒತ್ತಿ ಹಿಡಿಯುವ ಪುಟ್ಟ ಸ್ಪಂಜು ಉದುರಿತ್ತು. ನೀವು ಐದು ಸ್ಕ್ರೂ ಬಿಚ್ಚಿ, ಬೇರೊಂದು ಕ್ಯಾಸೆಟ್ಟಿನ ಸ್ಪಂಜು ಕಿತ್ತು ಕೂರಿಸಿ, ತುಂಡು ಅಂಟಿಸಿ, ಪೆನ್ಸಿಲ್ ತೂರಿಸಿ ಸುತ್ತಿದಿರಿ. ದುಡ್ಡು ಕೊಡಹೋದರೆ “ಮೊದ್ಲು ಮನಿಗೋಗಿ ಕೇಳ್ರಿ” ಅಂದಿರಿ.

ಕೇಳಿದೆ. ಬಿ ಸೈಡಿನ ಮೂರನೇ ಹಾಡು (ಯಾರೂ ಗುನುಗಿದ್ದು ಕೇಳಿಲ್ಲ) ಎಷ್ಟು ಚಂದ! ಅಂಟಿಸಿದ ಜಾಗದಲ್ಲಿ ಅರ್ಧ ಪದ ಹಾರುತ್ತೆ; ಅಲ್ಲಿ ಅಪ್ಪನೇ ಹಾಡಿ ತುಂಬಿಸ್ತಾರೆ.

ಥ್ಯಾಂಕ್ಸ್ ಅಣ್ಣಾ. ಇನ್ನೂ ಎರಡು ಕ್ಯಾಸೆಟ್ ಇವೆ, ತರ್ತೀನಿ.