ಕಡತಕ್ಕೆ ಬರೆಯುವ ಮುನ್ನ

ಸಾಗರ

ಚಿ. ಮೇಘನಾಳಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮಕ್ಕಳ ರಕ್ಷಣೆಯ ಕೆಲಸಕ್ಕೆ ನೀನು ಸೇರಿದ ಸುದ್ದಿ ತಿಳಿದು ಸಂತೋಷವಾಯಿತು. ನೀನು ಕಳಿಸಿದ ಫೋಟೋವನ್ನೂ ನೋಡಿದೆ. ಹಳೆಯ ಟೆಲಿಗ್ರಾಫ್ ಸ್ಟೇಷನ್ನಿನ ಕಲ್ಲುಕಟ್ಟಡದ ಮುಂದೆ ನಗುತ್ತ ನಿಂತಿದ್ದೀಯೆ. ಆ ಜಾಗದಲ್ಲಿ 1932ರಿಂದ 1942ರವರೆಗೆ ‘ಬಂಗಲೋ’ ಎಂಬ ಸರ್ಕಾರಿ ಮಕ್ಕಳ ನಿಲಯವಿತ್ತು. ಮೂಲನಿವಾಸಿ ತಾಯಿಗೆ ಬಿಳಿಯ ತಂದೆಯಿಂದ ಹುಟ್ಟಿದ ಮಕ್ಕಳನ್ನು ತಾಯಂದಿರಿಂದ ಬಿಡಿಸಿ ತಂದು ಅಲ್ಲಿಡುತ್ತಿದ್ದರು. 1965ರಲ್ಲಿ ವಿದ್ಯಾರ್ಥಿಗಳೊಂದಿಗೆ ಬಸ್ಸಿನಲ್ಲಿ ಹೊರಟು, ಮೋರಿ ಎಂಬ ಊರಿನ ಈಜುಕೊಳಕ್ಕೆ ಕಪ್ಪು ಮಕ್ಕಳನ್ನು ಬಿಡದಿದ್ದುದನ್ನು ಪ್ರತಿಭಟಿಸಿದ ಚಾರ್ಲ್ಸ್ ಪರ್ಕಿನ್ಸ್ ಹುಟ್ಟಿದ್ದು ಅಲ್ಲಿಯೇ.

ಮೂವತ್ತು ವರ್ಷ ಚರಿತ್ರೆಯ ಪಾಠ ಹೇಳಿದವಳಾದ್ದರಿಂದ, ನೀನು ಕಾಲಿಟ್ಟಿರುವ ಕೆಲಸದ ಹಿಂದಿನ ಕಥೆಯನ್ನು ನಿನಗೆ ತಿಳಿಸದಿದ್ದರೆ ನನ್ನ ಮನಸ್ಸಿಗೆ ಸಮಾಧಾನವಾಗದು. 1937ರಲ್ಲಿ ಕ್ಯಾನ್‌ಬೆರಾದಲ್ಲಿ ಸೇರಿದ ಅಧಿಕಾರಿಗಳು, ಮಿಶ್ರ ರಕ್ತದ ಮೂಲನಿವಾಸಿಗಳು ಬಿಳಿಯ ಸಮಾಜದಲ್ಲಿ ಕರಗಿಹೋಗುವುದೇ ಅವರ ಭವಿಷ್ಯವೆಂದು ನಿರ್ಣಯಿಸಿದರು. 1951ರಿಂದ ಸಚಿವ ಪಾಲ್ ಹ್ಯಾಸ್ಲಕ್ ಅವರು ವಿಲೀನೀಕರಣವನ್ನು ಇಡೀ ದೇಶದ ನೀತಿಯಾಗಿ ಮುಂದಿಟ್ಟಾಗ ಭಾಷೆ ಬಹಳ ಮೃದುವಾಯಿತು. ನಿಮ್ಮೂರು ಸೇರಿರುವ ಉತ್ತರ ಪ್ರಾಂತ್ಯದ 1953ರ ಕಲ್ಯಾಣ ಶಾಸನವು ಮೂಲನಿವಾಸಿ ಎಂಬ ಪದವನ್ನೇ ಎತ್ತದೆ, ವಿಶೇಷ ಆರೈಕೆ ಬೇಕಾದವರನ್ನು ‘ವಾರ್ಡ್’, ಅಂದರೆ ಸರ್ಕಾರದ ಪಾಲನೆಗೆ ಒಳಪಟ್ಟವರು, ಎಂದು ಘೋಷಿಸಬಹುದು, ಆದರೆ ಮತದಾನದ ಹಕ್ಕುಳ್ಳವರನ್ನು ಹಾಗೆ ಘೋಷಿಸುವಂತಿಲ್ಲ ಎಂದಿತು. ಮತದ ಹಕ್ಕೇ ಇಲ್ಲದವರು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. ವಾರ್ಡ್ ಆದವರು ಎಲ್ಲಿ ವಾಸಿಸಬೇಕು, ಯಾರನ್ನು ಮದುವೆಯಾಗಬೇಕು ಎಂಬುದಕ್ಕೂ ಇಲಾಖೆಯ ಅಪ್ಪಣೆ ಬೇಕಾಯಿತು. ನಿಮ್ಮೂರಿನ ಸುತ್ತಲಿನ ಬೆಟ್ಟಗಳನ್ನು ಜಲವರ್ಣದಲ್ಲಿ ಚಿತ್ರಿಸಿ ಹೆಸರಾದ ಮೂಲನಿವಾಸಿ ಕಲಾವಿದ ಆಲ್ಬರ್ಟ್ ನಮಾತ್‌ಜಿರಾ ಅವರಿಗೆ 1957ರಲ್ಲಿ ಪೌರತ್ವ ಸಿಕ್ಕಿತು. ವಾರ್ಡ್ ಆಗಿದ್ದವರಿಗೆ ಮದ್ಯ ಕೊಡುವಂತಿರಲಿಲ್ಲ; ಅಂಥ ಬಂಧುವಿನೊಡನೆ ಮದ್ಯ ಹಂಚಿಕೊಂಡ ತಪ್ಪಿಗೆ ಮರುವರ್ಷವೇ ಶಿಕ್ಷೆಯಾಯಿತು. ಇದ್ದದ್ದನ್ನು ಬಂಧುಗಳೊಡನೆ ಹಂಚಿಕೊಳ್ಳುವುದು ಅವರ ಕುಲದ ಧರ್ಮವಾಗಿತ್ತು. 1959ರಲ್ಲಿ ಅವರು ತೀರಿಕೊಂಡರು.

ನಿನ್ನ ಕೆಲಸಕ್ಕೆ ಇನ್ನೂ ಹತ್ತಿರದ ಸಂಗತಿಯೊಂದಿದೆ. 1949ರಲ್ಲಿ ಟೆಡ್ ಇವಾನ್ಸ್ ಎಂಬ ಗಸ್ತು ಅಧಿಕಾರಿ ಅದೇ ಪ್ರಾಂತ್ಯದ ವೇವ್ ಹಿಲ್‌ನಿಂದ ಮಕ್ಕಳನ್ನು ಮನೆಯವರಿಂದ ಬಿಡಿಸಿ ವಿಮಾನದಲ್ಲಿ ಸಾಗಿಸಿದ. ಅಲ್ಲಿ ವಿಮಾನದ ಎಂಜಿನ್ ನಿಲ್ಲಿಸುವ ಪದ್ಧತಿಯಿರಲಿಲ್ಲ. ಆ ಗದ್ದಲ, ಎಂದೂ ಕಾಣದ ಆ ಯಂತ್ರ, ಎರಡೂ ಸೇರಿ ಮಕ್ಕಳ ಭಯವನ್ನೂ ದುಃಖವನ್ನೂ ಹೆಚ್ಚಿಸಿದವು, ಇಬ್ಬರು ಮಕ್ಕಳಂತೂ ಹುಚ್ಚು ಹಿಡಿದವರಂತಾದರು, ಇಂಥ ನೋಟವನ್ನು ಮತ್ತೆಂದೂ ಕಾಣಬಾರದು ಎಂದು ಆತನೇ ವರದಿಯಲ್ಲಿ ಬರೆದ. ಆ ವರದಿಯನ್ನು ಮೇಲಿನವರು ಓದಿದರು. ಆದರೂ ಮಕ್ಕಳನ್ನು ಒಯ್ಯುವುದು ನಿಲ್ಲಲಿಲ್ಲ. 1910ರಿಂದ 1970ರವರೆಗೆ ಹತ್ತರಲ್ಲಿ ಒಂದಕ್ಕೆ ಕಡಿಮೆಯಿಲ್ಲದಂತೆ, ಕೆಲವೆಡೆ ಮೂರರಲ್ಲಿ ಒಂದು ಮೂಲನಿವಾಸಿ ಮಗುವನ್ನು ಮನೆಯಿಂದ ಬೇರ್ಪಡಿಸಲಾಗಿತ್ತೆಂದು 1997ರ ವಿಚಾರಣಾ ವರದಿ ಹೇಳಿತು.

ಇಷ್ಟು ಮಕ್ಕಳನ್ನು ಒಯ್ಯುವುದಕ್ಕೆ ಕಾರಣವಾಗಿ ಬರೆಯುತ್ತಿದ್ದ ಪದಗಳಲ್ಲಿ ‘ನಿರ್ಲಕ್ಷ್ಯ’ ಎಂಬುದೂ ಒಂದು. ನ್ಯೂ ಸೌತ್ ವೇಲ್ಸ್‌ನಲ್ಲಿ 1915ರ ಕಾನೂನು ತಿದ್ದುಪಡಿಯ ನಂತರ ಅದನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸುವ ಅಗತ್ಯವೂ ಇರಲಿಲ್ಲ. ಸೂರಿಲ್ಲ, ಕೂಲಿ ಪೂರ್ತಿ ಕೈಗೆ ಬರುವುದಿಲ್ಲ ಎಂಬಂಥ ಬಡತನವೇ ಎಷ್ಟೋ ಕಡೆ ತಾಯಿಯ ತಪ್ಪಾಗಿ ಕಡತ ಸೇರಿತು. ಮೇಘನಾ, ಆ ಪದವನ್ನು ಇನ್ನು ಮುಂದೆ ನೀನೂ ಬರೆಯಬೇಕಾಗುತ್ತದೆ. ನಿಜವಾಗಿ ಏಟು ತಿಂದ, ಹಸಿದ ಮಗುವಿನ ವಿಷಯದಲ್ಲಿ ಹಿಂಜರಿಯಬೇಡ. ಆದರೆ ಆ ಪದ ಬರೆಯುವ ಮುನ್ನ ಒಂದು ಸಲವಲ್ಲ, ಎರಡು ಸಲ ಆ ಮನೆಗೆ ಹೋಗು. ಅಲ್ಲಿನ ಹಿರಿಯರು ನೆಲದ ಮೇಲೆ ಕೂತಿದ್ದರೆ ನೀನೂ ನೆಲದ ಮೇಲೆ ಕೂಡು. ಅವರು ಸುಮ್ಮನಿದ್ದರೆ ನೀನೂ ಸುಮ್ಮನಿರು.

ನಿಮ್ಮೂರಿನ ಮೂಲನಿವಾಸಿಗಳಾದ ಅರೆಂಟೆ ಜನರಲ್ಲಿ ತಾಯಿಯ ಅಕ್ಕತಂಗಿಯರೂ ಮಗುವಿಗೆ ತಾಯಂದಿರೇ. ಇದನ್ನು ನಿನಗೆ ಬಿಡಿಸಿ ಹೇಳಬೇಕಿಲ್ಲ, ನನ್ನನ್ನು ನೀನು ದೊಡ್ಡಮ್ಮ ಎಂದು ಕರೆಯುವವಳು. ನಿನಗೆ ಮೂರು ವರ್ಷವಾಗಿದ್ದಾಗ ನಿನ್ನ ಅಮ್ಮ ಕಾಯಿಲೆ ಬಿದ್ದು, ಹತ್ತು ತಿಂಗಳು ನೀನು ನನ್ನ ಬಳಿಯೇ ಇದ್ದೆ. ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳದೆ ನಿನಗೆ ನಿದ್ದೆ ಬರುತ್ತಿರಲಿಲ್ಲ. ಆಗ ಅಧಿಕಾರಿಯೊಬ್ಬ ಬಂದು ಮಗುವಿನ ತಾಯಿ ಎಲ್ಲಿ ಎಂದು ಕೇಳಿ, ‘ತಾಯಿ ಮನೆಯಲ್ಲಿಲ್ಲ’ ಎಂದು ಬರೆದುಕೊಂಡು ಹೋಗಿದ್ದರೆ ಏನಾಗುತ್ತಿತ್ತೆಂದು ಈ ವಾರವೆಲ್ಲ ಯೋಚಿಸುತ್ತಿದ್ದೇನೆ.

ಮಗುವನ್ನು ಬೇರ್ಪಡಿಸಲೇಬೇಕಾದರೆ ಮೊದಲು ಬಂಧುಗಳ ಬಳಿ ಇಡಬೇಕೆಂಬ ನಿಯಮ ಈಗ ಅಲ್ಲಿದೆ. ಆ ಬಂಧುಗಳನ್ನು ಹುಡುಕಲು ತಾಳ್ಮೆ ಬೇಕು, ಹೊತ್ತು ಬೇಕು. ಕೆಲಸದ ಒತ್ತಡವೆಂದು ಅದನ್ನು ಬಿಡಬೇಡ.

ಮೊದಲ ಮನೆಗೆ ಹೋಗಿಬಂದ ಮೇಲೆ ನನಗೆ ಬರೆ. ಅವರ ಹೆಸರು, ವಿಳಾಸ ಬೇಡ. ಆ ಮಗು ಎಷ್ಟು ಜನರನ್ನು ಅಮ್ಮ ಎಂದು ಕರೆಯುತ್ತದೆ ಎಂಬುದನ್ನಷ್ಟೇ ತಿಳಿಸು.

ಇಂತಿ,
ನಿನ್ನ ದೊಡ್ಡಮ್ಮ