ಬೆಳಗಿನ ನಾಲ್ಕು ಗಂಟೆಯ ಸಹಿ

ಎಸ್ಲಿಂಗನ್, ಜರ್ಮನಿ
ನವೆಂಬರ್ 17

ಪ್ರೀತಿಯ ಅಮ್ಮ, ಪಪ್ಪನಿಗೆ,

ಕರ್ತನ ನಾಮದಲ್ಲಿ ವಂದನೆಗಳು. ನಾನು ಚೆನ್ನಾಗಿದ್ದೇನೆ. ಇಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ಕುಚ್ಚಲಕ್ಕಿ ಮುಗಿದು ವಾರವಾಯಿತು.

ಭಾನುವಾರ ಅಮ್ಮ ಬೈದದ್ದು ಇನ್ನೂ ಕಿವಿಯಲ್ಲೇ ಇದೆ. "ನೀನ್ಯಾಕೆ ಬಾಯಿಬಿಟ್ಟೆ? ಕೆಲಸ ಹೋಗಿದ್ದರೆ?" ಫೋನಿನಲ್ಲಿ ಸರಿಯಾಗಿ ಹೇಳಲಿಕ್ಕೆ ಆಗಲಿಲ್ಲ. ಅದಕ್ಕೇ ಈ ಕಾಗದ.

ಆ ರಾತ್ರಿ ಪಾಳಿಯಲ್ಲಿ ರೋಗಿಗಳನ್ನು ನೋಡಿಕೊಳ್ಳಲು ನಾನು, ನನ್ನ ಜೊತೆಗಾತಿ ಇಬ್ಬರೇ ಇದ್ದೆವು. ಹಾಸಿಗೆ ಹಿಡಿದ ಒಬ್ಬ ಅಜ್ಜಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಮೈಭಾರ ಬಿದ್ದ ಕಡೆ ಹುಣ್ಣಾಗುತ್ತದೆ. ಪ್ರತಿ ಸಲ ಸಮಯ ಬರೆದು ಸಹಿ ಹಾಕಬೇಕು. ಮೂರೂವರೆಗೆ ಇನ್ನೊಂದು ಕೋಣೆಯಲ್ಲಿ ಒಬ್ಬರು ಬಿದ್ದರು. ಆ ಗಡಿಬಿಡಿಯಲ್ಲಿ ನಾಲ್ಕು ಗಂಟೆಯದು ಮರೆತೇ ಹೋಯಿತು. ಆರಕ್ಕೆ ನೋಡಿದರೆ ಸೊಂಟದ ಕೆಳಗೆ ಕೆಂಪು. ಬೆರಳಿನಿಂದ ಒತ್ತಿದೆ. ಒತ್ತಿದ ಜಾಗ ಬೆಳ್ಳಗಾದರೆ ಪರವಾಗಿಲ್ಲ, ಕೆಂಪಾಗಿಯೇ ಇದ್ದರೆ ಹುಣ್ಣಿನ ಶುರು. ಬೆಳ್ಳಗಾಗಲಿಲ್ಲ.

"ನಾಲ್ಕಕ್ಕೂ ಒಂದು ಸಹಿ ಹಾಕಿಬಿಡು, ಎಲ್ಲರೂ ಹಾಕ್ತಾರೆ" ಅಂದಳು ಜೊತೆಗಾತಿ. ಪೆನ್ನು ಕೈಯಲ್ಲೇ ಇತ್ತು. ನಿಜ ಹೇಳುತ್ತೇನೆ, ಹಾಕಿಬಿಡೋಣ ಅಂತಲೇ ಅನ್ನಿಸಿತು. ಆಗ ನೆನಪಾದದ್ದು ಸಂಜೆ ಪ್ರಾರ್ಥನೆಯಲ್ಲಿ ಪಪ್ಪ ಓದಿಸುತ್ತಿದ್ದ ಬೈಬಲಿನ 15ನೇ ಕೀರ್ತನೆ. ದೇವರ ಗುಡಾರದಲ್ಲಿ ಇರುವವನು ಯಾರು ಅಂತ ಕೇಳಿ, ನಷ್ಟವಾದರೂ ಆಡಿದ ಮಾತು ತಪ್ಪದವನು ಅಂತ ಹೇಳುತ್ತದಲ್ಲ, ಅದು. ಸಂಡೇ ಸ್ಕೂಲಿನ ಬಹುಮಾನಕ್ಕಾಗಿ ಅದನ್ನು ಬಾಯಿಪಾಠ ಮಾಡಿದ್ದೆ. ಒಂದು ಸ್ಟೀಲ್ ಲೋಟ ಸಿಕ್ಕಿತ್ತು. ಸಹಿಯೂ ಕೊಟ್ಟ ಮಾತೇ ತಾನೇ? ಆ ಜಾಗ ಖಾಲಿ ಬಿಟ್ಟೆ. ಬೆಳಗಿನ ಪಾಳಿಯ ಹಿರಿಯ ನರ್ಸ್ ಬಂದಾಗ ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವರೇನೂ ಹೊಗಳಲಿಲ್ಲ. ಚೆನ್ನಾಗಿ ಬೈದು, ಬರೆದು ಕೊಡಲು ಹೇಳಿದರು. ಆದರೆ ಅಮ್ಮ, ಸಹಿ ಹಾಕಿದ್ದರೆ ಏನಾಗುತ್ತಿತ್ತು ನೋಡು. ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಿಸಿದರೂ ಚರ್ಮ ಕೆಂಪಾಗಿದೆ ಅಂದುಕೊಂಡು ಅವರು ಬೇರೆ ಕಾರಣ ಹುಡುಕುತ್ತಾ ಕೂರುತ್ತಿದ್ದರು. ಕಾರಣ ಗೊತ್ತಿದ್ದರಿಂದ ಆ ಕಡೆ ಭಾರ ಬೀಳದ ಹಾಗೆ ಮಲಗಿಸಿದರು. ಮೂರು ದಿನಕ್ಕೆ ಕೆಂಪು ಹೋಯಿತು.

ಜೊತೆಗಾತಿ ಮಾತ್ರ ಈಗ ಸರಿಯಾಗಿ ಮಾತಾಡುವುದಿಲ್ಲ. "ತೀರ್ಪುಮಾಡಬೇಡಿರಿ ಅಂತ ನಿನ್ನ ಬೈಬಲಿನಲ್ಲೇ ಇಲ್ವಾ?" ಅಂದಳು. ನಾನು ಅವಳ ಹೆಸರನ್ನೇ ಎತ್ತಿರಲಿಲ್ಲ, ನನ್ನ ತಪ್ಪನ್ನಷ್ಟೇ ಹೇಳಿದ್ದೆ. ಅವಳು ಕೆಟ್ಟವಳಲ್ಲಮ್ಮ. ಎರಡು ಚಿಕ್ಕ ಮಕ್ಕಳನ್ನು ಮನೆಯಲ್ಲಿ ಬಿಟ್ಟು ರಾತ್ರಿ ಪಾಳಿಗೆ ಬರುತ್ತಾಳೆ.

ಪಪ್ಪನಿಗೆ ಇಷ್ಟವಾಗುವ ಒಂದು ವಿಷಯ ಇದೆ. ಇಲ್ಲೇ ಹತ್ತಿರದ ಡೆಂಕೆಂಡಾರ್ಫ್ ಊರಿನ ಶಾಲೆಯಲ್ಲಿ ಬೆಂಗೆಲ್ ಅನ್ನುವ ಗುರುಗಳು 1713ರಿಂದ 28 ವರ್ಷ ಪಾಠ ಮಾಡಿದರಂತೆ. ಹೊಸ ಒಡಂಬಡಿಕೆಯ ಹಳೆಯ ಗ್ರೀಕ್ ಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ 1734ರಲ್ಲಿ ಅಚ್ಚು ಹಾಕಿಸಿದವರು. ನಿನ್ನನ್ನು ಪೂರ್ತಿಯಾಗಿ ಬೈಬಲಿನ ವಚನಕ್ಕೆ ಒಪ್ಪಿಸು, ವಚನವನ್ನು ಪೂರ್ತಿಯಾಗಿ ನಿನಗೇ ಅನ್ವಯಿಸು ಅಂತ ಅವರ ಮಾತು. ಪಪ್ಪ, ನಮ್ಮ ಚರ್ಚಿನಲ್ಲಿ ಆ ಎರಡನೇ ಭಾಗವನ್ನು ಪಕ್ಕದ ಬೆಂಚಿನವರಿಗೆ ಬಿಟ್ಟುಕೊಡುವುದೇ ಜಾಸ್ತಿ, ಅಲ್ವಾ? ಕೋಪ ಮಾಡ್ಕೋಬೇಡಿ, ನಾನೂ ಅದೇ ಬೆಂಚಿನಲ್ಲಿ ಕೂತವಳು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಮೊಗ್ಲಿಂಗ್ ಕೂಡ ಈ ಸೀಮೆಯವರೇ. 1881ರಲ್ಲಿ ತೀರಿಕೊಂಡದ್ದು ನಾನಿರುವ ಈ ಎಸ್ಲಿಂಗನ್‌ನಲ್ಲೇ.

ಮೊನ್ನೆ ಅಜ್ಜಿಗೂ ಹೇಳಿ ಕ್ಷಮೆ ಕೇಳಿದೆ. ಬೆಳಗ್ಗೆ ನಾನು ಅವರಿಗೆ ಆ ದಿನದ ವಚನ ಓದಿ ಹೇಳುವುದುಂಟು. ಅವರು ನನ್ನ ಜರ್ಮನ್ ಉಚ್ಚಾರ ತಿದ್ದುತ್ತಾರೆ. ಎಲ್ಲ ಕೇಳಿಸಿಕೊಂಡು, "ಆ ಕಿಟಕಿ ಮುಚ್ಚು, ಚಳಿ" ಅಂದರು.

ಮುಂದಿನ ತಿಂಗಳು ಊರಿನಿಂದ ಯಾರಾದರೂ ಬರುವುದಿದ್ದರೆ ಹಲಸಿನ ಹಪ್ಪಳ ಎರಡು ಕಟ್ಟು ಜಾಸ್ತಿ ಕೊಟ್ಟು ಕಳಿಸಿ. ಹೋದ ಸಲ ಜೊತೆಗಾತಿಗೆ ತುಂಬಾ ರುಚಿಸಿತ್ತು.

ನಿಮ್ಮ ಪ್ರೀತಿಯ ಮಗಳು