ನೀರೊಳಗೆ ಹೋದ ರೈಲುಗಳ ಬಗ್ಗೆ, ಡೆನ್ವರ್‌ನಲ್ಲಿರೋ ಗೆಳೆಯನಿಗೆ

ಗೆಳೆಯಾ,

ಹೆಂಗಿದೀಯ ಮಾರಾಯ? ಅಲ್ಲಿನ ಚಳಿ ಒಗ್ಗಿತಾ? ಮೊನ್ನೆ ಫೋನಲ್ಲಿ ನೀನು, ಇಲ್ಲೇ ಹತ್ರದ ಒಂದು ಹಳ್ಳದಲ್ಲಿ ಇಡೀ ರೈಲು ಇಂಜಿನ್ನೇ ಮರಳೊಳಗೆ ಹೂತು ಹೋಗಿದೆಯಂತೆ ಕಣೋ, ಆಫೀಸಲ್ಲಿ ಒಬ್ರು ಹೇಳ್ತಿದ್ರು, ನಿಜಾನಾ ಅಂತ ಕೇಳಿದ್ಯಲ್ಲ, ಅವತ್ತು ಹೇಳೋಕೆ ಶುರು ಮಾಡೋಷ್ಟರಲ್ಲಿ ನಿನ್ನ ಮೀಟಿಂಗ್ ಬಂತು. ಹೆಂಗೂ ಅದು ಫೋನಲ್ಲಿ ಮುಗಿಯೋ ಮಾತಲ್ಲ, ಅದಕ್ಕೇ ಬರೀತಿದೀನಿ.

ನೀನು ಕೇಳಿದ್ದು ಕಯೋವಾ ಕ್ರೀಕ್ ಕಥೆ. ಡೆನ್ವರ್‌ನಿಂದ ಪೂರ್ವಕ್ಕೆ ಹೋದ್ರೆ ಬೆನೆಟ್ ಅಂತ ಒಂದು ಊರು ಸಿಗುತ್ತೆ, ಅದರ ಹತ್ರ. ಅದು ನಮ್ಮ ಬಯಲುಸೀಮೆ ಹಳ್ಳದ ಥರಾನೇ, ವರ್ಷದ ಹೆಚ್ಚಿನ ದಿನ ಬರೀ ಮರಳು, ಎಲ್ಲೋ ದೂರದಲ್ಲಿ ಜೋರು ಮಳೆ ಆದ್ರೆ ಮಾತ್ರ ಒಂದೇ ಏಟಿಗೆ ತುಂಬ್ಕೊಂಡು ಬರೋದು. 1878ರ ಮೇ 21ರ ರಾತ್ರಿ ಹಂಗೇ ಆಯ್ತು. ಪ್ರವಾಹ ಬಂದು ರೈಲ್ವೆ ಸೇತುವೆ ಕೊಚ್ಕೊಂಡು ಹೋಗಿತ್ತು, ಅದು ಗೊತ್ತಿಲ್ದೆ ಕಾನ್ಸಾಸ್ ಪೆಸಿಫಿಕ್ ಕಂಪನಿಯ ಒಂದು ಗೂಡ್ಸ್ ಗಾಡಿ ಕತ್ತಲಲ್ಲಿ ಬಂದು ಸೀದಾ ನೀರಿಗೆ ಬಿತ್ತು. ಇಂಜಿನ್‌ನಲ್ಲಿದ್ದ ಮೂರು ಜನ ಸತ್ರು. ನೀರಿಳಿದ ಮೇಲೆ ನೋಡಿದ್ರೆ ಡಬ್ಬಿಗಳು ಸಿಕ್ವು, ಇಂಜಿನ್ ಮಾತ್ರ ಇಲ್ಲ! ಕಂಪನಿಯವರು ವಾರಗಟ್ಟಲೆ ಹುಡುಕಿ ಸಿಗಲಿಲ್ಲ ಅಂತ ಕೈಬಿಟ್ರು. ಅಲ್ಲಿಂದ ಶುರುವಾಯ್ತು ಕಥೆ, ಹಳ್ಳ ಇಂಜಿನ್‌ನ ನುಂಗ್ಬಿಡ್ತು ಅಂತ.

ಹೀಗಾಗೋದು ಸಾಧ್ಯಾನಾ ಅಂತ ನೀನು ಕೇಳಿದ್ದಕ್ಕೆ ಉತ್ತರ, ಹೌದು, ಸಾಧ್ಯ. ಪ್ರವಾಹ ಬಂದಾಗ ನೀರು ಮರಳಿನ ಮೇಲಷ್ಟೇ ಹರಿಯಲ್ಲ, ಮರಳೂ ನೀರಿನ ಜೊತೆ ಎದ್ದು ಓಡುತ್ತೆ, ತಳ ಅಡಿಗಟ್ಟಲೆ ಕೊರೆದು ಹೋಗುತ್ತೆ, ಆ ಹೊತ್ತಲ್ಲಿ ಅಷ್ಟು ಭಾರದ ಕಬ್ಬಿಣ ಬಿದ್ರೆ ಅದನ್ನ ಹಿಡಿದು ನಿಲ್ಲಿಸೋ ಗಟ್ಟಿ ನೆಲವೇ ಇರಲ್ಲ. ಆಮೇಲೆ ನೀರಿಳಿತಾ ಮರಳು ಮೇಲೆ ಕೂತ್ಕೊಂಡು ಮಟ್ಟಸ ಆಗ್ಬಿಡುತ್ತೆ. ಮಾರನೇ ದಿನ ಬಂದವರಿಗೆ ಇಲ್ಲಿ ಏನೋ ಬಿದ್ದಿತ್ತು ಅನ್ನೋ ಗುರುತೂ ಇರಲ್ಲ. ಹಾಗಾಗಿ ಆ ಊರಿನ ಜನ ನಂಬಿದ್ರಲ್ಲಿ ತಪ್ಪೇನಿಲ್ಲ.

ನೂರು ವರ್ಷ ಆದ್ಮೇಲೆ ಕ್ಲೈವ್ ಕಸ್ಲರ್ ಅನ್ನೋ ಕಾದಂಬರಿಕಾರ, ಮುಳುಗಿದ ಹಡಗುಗಳನ್ನ ಹುಡುಕೋದ್ರಲ್ಲಿ ಹೆಸರು ಮಾಡಿದೋರು, ಈ ಇಂಜಿನ್ ಹಿಂದೆ ಬಿದ್ರು. ನೆಲದೊಳಗಿನ ಕಬ್ಬಿಣ ಪತ್ತೆ ಮಾಡೋ ಯಂತ್ರ ತಂದು ಹಳ್ಳ ಎಲ್ಲಾ ಜಾಲಾಡಿದ್ರೂ ಇಂಜಿನ್ ಇಲ್ಲ. ಕೊನೆಗೆ ಉತ್ತರ ಸಿಕ್ಕಿದ್ದು ಹಳ್ಳದಲ್ಲಲ್ಲ, ಹಳೇ ರೈಲ್ವೆ ಕಾಗದಪತ್ರದಲ್ಲಿ. ಅವರು ಬಂದ ತೀರ್ಮಾನ ಏನಪ್ಪಾ ಅಂದ್ರೆ, ಕಂಪನಿಯವರೇ ಗುಟ್ಟಾಗಿ ಇಂಜಿನ್ ಎತ್ತಿ, ರಿಪೇರಿ ಮಾಡಿ, ಬೇರೆ ನಂಬರ್ ಬರೆದು ಮತ್ತೆ ಓಡಿಸಿದ್ರು, ಈ ಕಡೆ ಕಳೆದೇ ಹೋಯ್ತು ಅಂತ ಇನ್ಶೂರೆನ್ಸ್ ದುಡ್ಡೂ ತಗೊಂಡ್ರು ಅಂತ. ಇದನ್ನ ಓದಿದಾಗ ನಂಗೆ ಸಿಟ್ಟು ಬಂತು ಕಣೋ. ಮೂರು ಜನ ಸತ್ತ ಜಾಗ ಅದು. ಆ ಮೂರು ಮನೆಯವರೂ ಬದುಕಿರೋ ತನಕ, ನಮ್ಮವರು ಸತ್ತ ಆ ಇಂಜಿನ್ ಆ ಮರಳಲ್ಲೇ ಇದೆ ಅಂದ್ಕೊಂಡೇ ಇದ್ದಿರಬಹುದು, ಅದೇ ಇಂಜಿನ್ ಬೇರೆ ನಂಬರ್ ಹಾಕ್ಕೊಂಡು ಅವರ ಮನೆ ಮುಂದಿನ ಹಳಿ ಮೇಲೇ ಹಾದು ಹೋಗಿದ್ರೂ ಅವರಿಗೆ ಗೊತ್ತಾಗ್ತಿರಲಿಲ್ಲ.

ಇಂಥ ಕಥೆ ಬೇಕಾದಷ್ಟಿವೆ, ಅದರಲ್ಲಿ ಕೆಲವು ನಿಜಾನೂ ಆಗಿವೆ. ಕೆನಡಾದ ಲೇಕ್ ಸುಪೀರಿಯರ್ ದಡದಲ್ಲಿ 1910ರ ಜೂನ್‌ನಲ್ಲಿ ಹಳಿ ಮೇಲೆ ಬಂಡೆ ಬಿದ್ದು ಕೆನಡಿಯನ್ ಪೆಸಿಫಿಕ್‌ನ 694 ನಂಬರ್ ಇಂಜಿನ್ ಕೆರೆಗೆ ಉರುಳಿತ್ತು, ಅಲ್ಲೂ ಮೂರು ಜನ ಹೋದ್ರು. ಕೆರೆ ಅಂತ ಹೆಸರು, ಆದ್ರೆ ಸಮುದ್ರದಷ್ಟು ದೊಡ್ಡದು. ಸುತ್ತಮುತ್ತಲ ಊರವರು ಇಲ್ಲೇ ಕೆಳಗಡೆ ಇದೆ ಅಂತ ನೂರು ವರ್ಷ ಹೇಳ್ತಾನೇ ಬಂದ್ರು, 2014ರಲ್ಲಿ ಹುಡುಕಿದವರಿಗೆ 200 ಅಡಿಗಿಂತ ಕೆಳಗೆ ನಿಜವಾಗ್ಲೂ ಸಿಕ್ತು. ಜರ್ಮನಿಯಲ್ಲಿ ಇದರ ಉಲ್ಟಾ. 1852ರ ಫೆಬ್ರವರಿಯಲ್ಲಿ ಕಾರ್ಲ್ಸ್‌ರೂ ಊರಲ್ಲಿ ಮಾಡಿದ ‘ರೈನ್’ ಅನ್ನೋ ಹೊಸಾ ಇಂಜಿನ್‌ನ ಹಡಗಲ್ಲಿ ಸಾಗಿಸ್ತಿದ್ದಾಗ ಗೆರ್ಮರ್ಸ್‌ಹೈಮ್ ಹತ್ರ ಬಿರುಗಾಳಿಗೆ ಸಿಕ್ಕಿ ರೈನ್ ನದಿಯೊಳಗೇ ಬಿತ್ತು, ಒಂದು ದಿನಾನೂ ಓಡಲಿಲ್ಲ ಪಾಪ. ವರ್ಷಗಟ್ಟಲೆ ಹುಡುಕಿ, ಇದೇ ಜಾಗ ಅಂತ ಗುರುತು ಹಾಕಿ, 2018ರಲ್ಲಿ ಅಗೆದು ನೋಡಿದ್ರೆ ಏನೂ ಇಲ್ಲ. ಸೈಬೀರಿಯಾದ ಬೈಕಲ್ ಸರೋವರದ್ದಂತೂ ಚಿನ್ನದ ಕಥೆ, ಅಂತರ್ಯುದ್ಧದ ಕಾಲದಲ್ಲಿ ಕೊಲ್ಚಾಕ್ ಅನ್ನೋ ಅಡ್ಮಿರಲ್‌ನ ಚಿನ್ನ ತುಂಬಿದ ರೈಲು ಅದರೊಳಗೆ ಬಿದ್ದಿದೆ ಅಂತ ಇವತ್ತಿಗೂ ಹೇಳ್ತಾರೆ. ಅದು ನಂಗೆ ಅಷ್ಟೇನೂ ಹಿಡಿಸಲ್ಲ, ಚಿನ್ನ ಅಂದ ತಕ್ಷಣ ಎಲ್ರ ಕಣ್ಣೂ ಚಿನ್ನದ ಮೇಲೇ. ಆದ್ರೆ ಅದೇ ಬೈಕಲ್‌ನಲ್ಲಿ 1904ರಲ್ಲಿ, ರಷ್ಯಾ ಜಪಾನ್ ಯುದ್ಧದ ಹೊತ್ತಲ್ಲಿ, ಹೆಪ್ಪುಗಟ್ಟಿದ ನೀರಿನ ಮೇಲೇ ಹಳಿ ಹಾಸಿದ್ರು ಗೊತ್ತಾ? ಪರೀಕ್ಷೆಗೆ ಅಂತ ಬಿಟ್ಟ ಇಂಜಿನ್ ಹಿಮ ಒಡ್ಕೊಂಡು ಕೆಳಗೆ ಹೋಯ್ತು, ಆಮೇಲೆ ಡಬ್ಬಿಗಳನ್ನ ಕುದುರೆ ಕಟ್ಟಿ ಎಳೆಸಿದ್ರು.

ನನ್ನ ಮನಸ್ಸಲ್ಲಿ ತುಂಬಾ ದಿನ ಉಳಿದಿದ್ದು ಸ್ಕಾಟ್ಲೆಂಡಿನ ಟೇ ಸೇತುವೆದು. 1879ರ ಡಿಸೆಂಬರ್ 28, ಭಾನುವಾರ ಸಂಜೆ ಏಳೂಕಾಲಿನ ಹೊತ್ತು, ಹುಚ್ಚು ಗಾಳಿ. ಸೇತುವೆ ಶುರುವಾಗಿ ಎರಡು ವರ್ಷಾನೂ ಆಗಿರಲಿಲ್ಲ. ಡಂಡೀ ಕಡೆ ಹೋಗ್ತಿದ್ದ ರೈಲು ನಡುವಿನ ಎತ್ತರದ ಭಾಗದಲ್ಲಿದ್ದಾಗ ಆ ಭಾಗವೇ ರೈಲಿನ ಸಮೇತ ನದಿಗೆ ಬಿತ್ತು, 59ರಿಂದ 75 ಜನ ಇದ್ರು ಅಂತಾರೆ, ಒಬ್ರೂ ಉಳಿಲಿಲ್ಲ. ಎಷ್ಟೋ ಜನರ ಹೆಣಾನೂ ಸಿಗಲಿಲ್ಲ. ಕಟ್ಟಿದ ಇಂಜಿನಿಯರ್ ಥಾಮಸ್ ಬೌಚ್‌ಗೆ ಅದೇ ವರ್ಷ ಸರ್ ಪದವಿ ಕೊಟ್ಟಿದ್ರು, ವಿಚಾರಣೆಯಲ್ಲಿ ವಿನ್ಯಾಸ, ಕಟ್ಟಿದ್ದು, ನೋಡ್ಕೊಂಡಿದ್ದು ಮೂರೂ ಸರಿ ಇರಲಿಲ್ಲ ಅಂತ ಬಂತು, ಮುಂದಿನ ವರ್ಷಾನೇ ಅವನೂ ಸತ್ತ. ಆ ಇಂಜಿನ್, 224 ನಂಬರಿಂದು, ಅದನ್ನ ನದಿಯಿಂದ ಎತ್ತಿ ರಿಪೇರಿ ಮಾಡಿ 1919ರ ತನಕ ಓಡಿಸಿದ್ರು. ಕೆಲಸಗಾರರು ಅದಕ್ಕೆ ‘ದಿ ಡೈವರ್’ ಅಂತ ಹೆಸರಿಟ್ಟಿದ್ರು, ಮುಳುಗು ಹಾಕಿದ್ದು ಅಂತ. ಹೊಸಾ ಸೇತುವೆ ಮೇಲೆ ಅದನ್ನ ಓಡಿಸೋಕೆ ಡ್ರೈವರ್‌ಗಳು ಎಷ್ಟೋ ವರ್ಷ ಹಿಂಜರೀತಿದ್ರಂತೆ. ಅವರನ್ನ ಮೂಢನಂಬಿಕೆಯವರು ಅನ್ನೋಕೆ ನಂಗೆ ಬಾಯಿ ಬರಲ್ಲ. ಹಳೇ ಸೇತುವೆಯ ಕಂಬಗಳ ಮೋಟು ಇವತ್ತಿಗೂ ಹೊಸದರ ಪಕ್ಕದಲ್ಲೇ ನೀರಲ್ಲಿ ಸಾಲಾಗಿ ಕಾಣ್ತವೆ. ಪ್ರತಿ ಡಿಸೆಂಬರ್ 28ಕ್ಕೆ ಆ ಸಾಲಿನ ಮೇಲೆ ಒಂದು ರೈಲಿನ ದೀಪ ಓಡಿ ನಡುವೆ ಆರಿ ಹೋಗುತ್ತೆ ಅನ್ನೋ ಕಥೆ ಅಲ್ಲಿದೆ.

ನಾನು ಯಾಕೆ ಇದನ್ನೆಲ್ಲ ಇಷ್ಟು ಹಚ್ಕೊಂಡಿದೀನಿ ಅಂತ ನಿಂಗೆ ಗೊತ್ತಲ್ಲ, ಅಪ್ಪ ರೈಲ್ವೆ ಹಳಿ ನೋಡ್ಕೊಳ್ಳೋ ಗ್ಯಾಂಗ್‌ಮನ್ ಆಗಿದ್ದೋರು. ಮಳೆಗಾಲ ಬಂತು ಅಂದ್ರೆ ರಾತ್ರಿ ಹಳಿ ಉದ್ದಕ್ಕೂ ಗಸ್ತು ತಿರುಗೋ ಡ್ಯೂಟಿ. ತಲೆಗೆ ಗೊರಬು, ಕೈಲಿ ಕೆಂಪು ಹಸಿರು ದೀಪ, ಹೆಗಲ ಚೀಲದಲ್ಲಿ ಹಳಿ ಮೇಲೆ ಕಟ್ಟೋ ಪಟಾಕಿ ಡಬ್ಬಿ, ಗಾಲಿ ಹತ್ತಿದ ತಕ್ಷಣ ಢಮ್ ಅಂದ್ರೆ ಡ್ರೈವರ್ ಬ್ರೇಕ್ ಹಾಕ್ತಾನೆ. ತನ್ನ ಬೀಟ್ ಮುಗಿಯೋ ಕಡೆ ಆ ಕಡೆಯಿಂದ ಬಂದವನ ಜೊತೆ ಗಸ್ತಿನ ಪುಸ್ತಕ ಬದಲಾಯಿಸ್ಕೊಂಡು ವಾಪಸ್ ಬರಬೇಕು, ಆ ಪುಸ್ತಕ ಬರಲಿಲ್ಲ ಅಂದ್ರೆ ನಡುವೆ ಏನೋ ಆಗಿದೆ ಅಂತ ಲೆಕ್ಕ. ಸೇತುವೆ ಹತ್ರ ಬಂದ್ರೆ ಅಪ್ಪ ಬಗ್ಗಿ ದೀಪ ಇಳಿಬಿಟ್ಟು ಕಂಬದ ಮೇಲೆ ಬಳಿದ ಅಪಾಯದ ಗೆರೆ ನೋಡ್ತಿದ್ರಂತೆ, ನೀರು ಅಲ್ಲಿಗೆ ಮುಟ್ಟಿದ್ರೆ ಗಾಡಿ ನಿಲ್ಲಿಸಲೇಬೇಕು. ಎಷ್ಟೋ ಸಲ ನೀರಿಗಿಂತ ಅದರ ಸದ್ದು ಬದಲಾಗಿದ್ದೇ ಮೊದಲು ಗೊತ್ತಾಗೋದು ಅನ್ನೋರು, ಕಂಬದ ಬುಡ ಕೊರೀತಿರೋ ನೀರು ಬೇರೆ ಥರ ಗುರ್ ಅನ್ನುತ್ತೆ ಅಂತ. ಕಯೋವಾದಲ್ಲಿ ಆ ರಾತ್ರಿ ಇಂಜಿನ್‌ನಲ್ಲಿದ್ದ ಮೂವರಿಗೆ ಯಾರ ದೀಪಾನೂ ಕಾಣಲಿಲ್ಲ. ಇಂಜಿನ್ ಎಲ್ಲಿ ಹೋಯ್ತು ಅಂತ ನೂರು ವರ್ಷ ಹುಡುಕಿದ ಜನ ಈ ಪ್ರಶ್ನೆ ಯಾಕೆ ಕೇಳಲಿಲ್ಲ ಅಂತ ನಂಗೆ ಬೇಜಾರು.

ನಮ್ಮದೂ ಒಂದಿದೆಯಲ್ಲ. 1988ರ ಜುಲೈ 8, ನಮ್ಮ ಬೆಂಗಳೂರಿಂದ ಕನ್ಯಾಕುಮಾರಿಗೆ ಹೋಗ್ತಿದ್ದ ಐಲ್ಯಾಂಡ್ ಎಕ್ಸ್‌ಪ್ರೆಸ್ ಕೇರಳದ ಕೊಲ್ಲಂ ಹತ್ರ ಪೆರುಮಣ್ ಸೇತುವೆ ಮೇಲೆ ಹಳಿ ತಪ್ಪಿ ಅಷ್ಟಮುಡಿ ಕಾಯಲ್‌ಗೆ, ಅಂದ್ರೆ ಹಿನ್ನೀರಿಗೆ, ಬಿತ್ತು. 105 ಜನ ಸತ್ರು. ಹಿಂದಿನ ರಾತ್ರಿ ಇಲ್ಲಿಂದ ಕಳಿಸಿಕೊಟ್ಟು ಬಂದವರು ಎಷ್ಟು ಮನೆಯವರೋ. ರೈಲ್ವೆ ಸೇಫ್ಟಿ ಕಮಿಷನರ್ ವರದಿ ಸುಂಟರಗಾಳಿ ಕಾರಣ ಅಂತು. ಅಲ್ಲಿನ ಜನ ಅದನ್ನ ಒಪ್ಪಲೇ ಇಲ್ಲ, ಅಂಥ ಗಾಳಿ ನಾವು ನೋಡಿಲ್ಲ ಅಂತ ಇವತ್ತಿಗೂ ಹೇಳ್ತಾರೆ. ಅಲ್ಲಿ ಮುಳುಗಿದ ಬೋಗಿ ಬಗ್ಗೆ ಯಾರೂ ಕಥೆ ಕಟ್ಟಲಿಲ್ಲ, ಬೋಗಿ ಎಲ್ಲ ಕಣ್ಣೆದುರೇ ಇದ್ವು, ದೋಣಿಯವರೇ ಜನರನ್ನ ಎಳೆದು ದಡಕ್ಕೆ ತಂದಿದ್ದು. ಅಲ್ಲಿ ಉಳಿದಿರೋದು ಯಾಕೆ ಬಿತ್ತು ಅನ್ನೋ ಪ್ರಶ್ನೆ ಮಾತ್ರ. ಅದಕ್ಕೆ ಸುಂಟರಗಾಳಿ ಅನ್ನೋ ಉತ್ತರ ಕೊಟ್ಟಿದ್ದೂ ಹಳ್ಳ ನುಂಗ್ತು ಅಂದಂಗೇ ಇದೆ ಅಂತ ಅಪ್ಪ ಅನ್ನೋರು, ಹಂಗಂದ್ರೆ ಯಾರನ್ನೂ ಏನೂ ಕೇಳೋ ಹಾಗಿಲ್ಲ ಅಂತ. ನಂಗೂ ಹಂಗೇ ಅನ್ಸುತ್ತೆ.

ಕಾಯಲ್ ದಡದಲ್ಲಿ ಸತ್ತವರ ಸ್ಮಾರಕ ಇದೆ, ಪ್ರತಿ ವರ್ಷ ಜುಲೈ 8ಕ್ಕೆ ಜನ ಸೇರ್ತಾರೆ. ಈ ಸಲ ನಾನೂ ಹೋಗೋಣ ಅಂತಿದೀನಿ, ಅದೇ ಗಾಡೀಲಿ, ಅದು ಈಗಲೂ ಬೆಂಗಳೂರಿಂದ ದಿನಾ ಹೊರಡುತ್ತೆ. ನಿಂಗೆ ಜುಲೈನಲ್ಲಿ ರಜೆ ಸಿಕ್ರೆ ಬೇಗ ಹೇಳು, ಇಬ್ರಿಗೂ ಸ್ಲೀಪರ್ ಬುಕ್ ಮಾಡ್ತೀನಿ. ಅಮ್ಮ ನಿನ್ನ ಕೇಳಿದ್ಲು ಅಂತ ಹೇಳು ಅಂದ್ರು.

ನಿನ್ನ ಗೆಳೆಯ